ಕಣ್ಣು ಮುಚ್ಚಿ ಆಡಿದ ವಿಡಿಯೋ ಗೇಮ್

ಮೊದಲಿಗೆ ತಪ್ಪು ಒಪ್ಪಿಕೊಂಡುಬಿಡುತ್ತೇನೆ. ನಾನು ಹೇಳದಿದ್ದರೂ ಸಿಂಧನೂರಿನಲ್ಲಿ ಯಾರಾದರೂ ನಿಮಗೆ ಹೇಳೇ ಹೇಳುತ್ತಾರೆ, ಅದೂ ತಮ್ಮದೊಂದು ನಾಲ್ಕು ಮಾತು ಸೇರಿಸಿ. ಜೀವನದಲ್ಲಿ ಮೊದಲ ಸಲ ವಿಡಿಯೋ ಗೇಮಿನ ಮುಂದೆ ಕೂತಾಗ ನಾನು ಸರಿಯಾಗಿ ಹತ್ತು ನಿಮಿಷ ಆಡಿದೆ. ಬೆವರು ಕಿತ್ತುಬರುವಂತೆ ಆಡಿದೆ. ಹಲ್ಲು ಕಚ್ಚಿ, ತುದಿಗಾಲಲ್ಲಿ ಕೂತು, ಹೆಬ್ಬೆರಳು ಕೆಂಪಾಗುವ ಹಾಗೆ ಬಟನ್ ಒತ್ತಿದೆ. ಆ ಹತ್ತು ನಿಮಿಷದಲ್ಲಿ ನಾನು ಮಾಡದೇ ಉಳಿದದ್ದು ಒಂದೇ ಕೆಲಸ. ಆಟ ಆಡುವುದು.

ಇದಕ್ಕೆಲ್ಲ ಮೂಲ ನಮ್ಮ ಮನೆಯ ಭಕ್ತಿ. ಮಸ್ಕಿಯ ನಮ್ಮ ಮನೆಯಲ್ಲಿ ಯಾವ ಕೆಲಸವನ್ನೂ ಸುಮ್ಮನೆ ಶುರು ಮಾಡುವ ಹಾಗಿರಲಿಲ್ಲ. ಅಪ್ಪ ಕಿರಾಣಿ ಅಂಗಡಿಯ ಬೀಗ ಮುಟ್ಟಿ ಕಣ್ಣಿಗೆ ಒತ್ತಿಕೊಂಡ ಮೇಲೆಯೇ ಕೀಲಿ ತೆಗೆಯುತ್ತಿದ್ದ. ಆಮೇಲೆ ತಕ್ಕಡಿ, ಆಮೇಲೆ ಸಕ್ಕರೆ ಡಬ್ಬಿ. ಅಷ್ಟರಲ್ಲಿ ಗಿರಾಕಿ ಎದುರಿನ ಅಂಗಡಿಗೆ ಹೋಗಿ ಬೆಲ್ಲ ತೆಗೆದುಕೊಂಡು ಮನೆ ಮುಟ್ಟಿರುತ್ತಿದ್ದ. ನಮ್ಮ ಅಜ್ಜನಂತೂ ಹೊಸ ವಸ್ತು ಕೈಗೆ ಬಂದರೆ ಕಣ್ಣು ಮುಚ್ಚಿ ಹನ್ನೊಂದು ಸಲ ಶಿವನಾಮ ಹೇಳಬೇಕೆಂದು ನನಗೆ ಕಲಿಸಿದ್ದ. "ಅವಸರ ಮಾಡಬ್ಯಾಡ. ಅವಸರದಾಗ ಅಂದ್ರ ಶಿವಗ ಕೇಳಸಂಗಿಲ್ಲ" ಅನ್ನುತ್ತಿದ್ದ. ಹೊಸ ಚಪ್ಪಲಿ ಕೊಡಿಸಿದಾಗಲೂ ನಾನು ಅಂಗಡಿಯಲ್ಲೇ ಒಂದು ಚಪ್ಪಲಿ ಹಣೆಗೆ ಹಚ್ಚಿಕೊಂಡು ನಿಂತಿದ್ದೆ. ಅದು ಬೇರೆ ಕತೆ, ಬಿಡಿ.

ರಜೆ ಬಂದರೆ ನಾನು ಸಿಂಧನೂರಿಗೆ, ಸೋದರಮಾವನ ಮನೆಗೆ ಓಡುತ್ತಿದ್ದೆ. ಅಲ್ಲಿ ಬಸ್ ಸ್ಟ್ಯಾಂಡ್ ಹತ್ತಿರ ಖಾಜಾ ಭಾಯಿಯ ಕ್ಯಾಸೆಟ್ ಅಂಗಡಿ. ಮುಂದೆ ಬಾಡಿಗೆ ಕ್ಯಾಸೆಟ್ಟು, ಹಿಂದೆ ಪರದೆ, ಪರದೆಯ ಆಚೆ ಒಂದು ಟೀವಿ, ಒಂದು ಗೇಮಿನ ಪೆಟ್ಟಿಗೆ, ಒಂದು ಉದ್ದನೆಯ ಬೆಂಚು. ಟೀವಿಯೊಳಗೆ ಕೆಂಪು ಅಂಗಿಯ ಒಬ್ಬ ಗಿಡ್ಡ ಮನುಷ್ಯ. ಅವನ ನಿಜವಾದ ಹೆಸರು ಜಪಾನಿನವರಿಗೇ ಗೊತ್ತು, ನಮಗೆ ಅವನು ಗಿಡ್ಡಪ್ಪ. ತಗ್ಗು ಹಾರುವುದು, ಉರುಳಿ ಬರುವ ಗಾಲಿ ತಪ್ಪಿಸಿಕೊಳ್ಳುವುದು, ಹದ್ದಿನ ಬಾಯಿಗೆ ಸಿಗದಂತೆ ಓಡಿ ಕೊನೆಯಲ್ಲಿ ಒಂದು ಬಾಗಿಲು ಸೇರುವುದು, ಇಷ್ಟೇ ಅವನ ಸಂಸಾರ.

ಆ ದಿನ ನನ್ನ ಪಾಳಿ ಬಂತು. ಬಟನ್ನುಗಳಿದ್ದ ಆಟದ ಹಿಡಿಕೆಯನ್ನು ಕೈಗೆ ಕೊಟ್ಟರು. ನಾನು ಕಣ್ಣಿಗೆ ಒತ್ತಿಕೊಂಡೆ, ಕಣ್ಣು ಮುಚ್ಚಿದೆ, ಅಜ್ಜ ಕಲಿಸಿದಂತೆ ಸಾವಕಾಶವಾಗಿ ಹನ್ನೊಂದು ಸಲ ಎಣಿಸಿದೆ. ಆದರೆ ಆ ಪೆಟ್ಟಿಗೆಗೂ ತನ್ನದೇ ಒಂದು ಪದ್ಧತಿ ಇತ್ತು. ಯಾರೂ ಶುರು ಮಾಡದೆ ಸುಮ್ಮನೆ ಕೂತರೆ ಸ್ವಲ್ಪ ಹೊತ್ತಿಗೆ ತಾನೇ ಆಡಿ ತೋರಿಸುವುದು. ನಾನು ಕಣ್ಣು ಬಿಡುವಷ್ಟರಲ್ಲಿ ಗಿಡ್ಡಪ್ಪ ಓಡುತ್ತಿದ್ದ. ಶಿವ ಇಷ್ಟು ಜಲ್ದಿ ಕೇಳಿಸಿಕೊಂಡನಲ್ಲ ಎಂದು ನನಗೆ ಮೈ ಜುಮ್ಮೆಂದಿತು. ನಾನು ಒತ್ತಿದೆ, ಅವನು ಹಾರಿದ. ಎಡಕ್ಕೆ ಒತ್ತಿದೆ, ಅವನು ಬಲಕ್ಕೆ ಹೋದ. ಎಡ ಬಲದ ಗೊಂದಲ ನನಗೆ ಶಾಲೆಯ ಡ್ರಿಲ್ಲಿನಿಂದಲೂ ಇದ್ದದ್ದೇ, ಹಾಗಾಗಿ ತಪ್ಪು ನನ್ನದೇ ಅಂದುಕೊಂಡೆ. ಹದ್ದು ಹಿಡಿದು ಒಂದು ಆಟ ಮುಗಿದರೆ ಮತ್ತೆ ಕಣ್ಣು ಮುಚ್ಚುತ್ತಿದ್ದೆ, ಮತ್ತೆ ಅದು ಶುರುವಾಗುತ್ತಿತ್ತು.

ಕೊನೆಗೆ ಖಾಜಾ ಭಾಯಿ ಪರದೆ ಸರಿಸಿ ಇಣುಕಿದ.

"ಅರೇ ಮಿಯಾ, ಸ್ಟಾರ್ಟ್ ಒತ್ತೇ ಇಲ್ಲಲ್ಲೋ ನೀನು! ಅದು ತನ್ನಷ್ಟಕ್ಕ ತಾ ಆಡಾಕತ್ತೈತಿ. ನೀ ಯಾಕ ಇಷ್ಟು ತಕ್ಲೀಫ್ ತಗೊಂಡಿ?"

ಬೆಂಚಿನ ಮೇಲಿದ್ದ ಒಬ್ಬ ನಕ್ಕು ನಕ್ಕು ಕೆಳಗೆ ಬಿದ್ದ. ಬಿದ್ದವನನ್ನು ನೋಡಿ ನಗಬೇಕೋ ನನ್ನನ್ನು ನೋಡಿ ನಗಬೇಕೋ ತಿಳಿಯದೆ ಉಳಿದವರು ಸರದಿಯ ಮೇಲೆ ನಕ್ಕರು. ಅವತ್ತಿನಿಂದ ನನ್ನ ಹೆಸರು ಭಕ್ತ. ಅವತ್ತಿನಿಂದ ನಾನು ಹಿಡಿಕೆ ಮುಟ್ಟಲಿಲ್ಲ. ಬೆಂಚಿನ ತುದಿಯಲ್ಲಿ ಜಾಗ ಹಿಡಿದೆ, ಅಷ್ಟೆ.

ನೋಡುವುದೆಂದರೆ ಸುಮ್ಮನೆ ಕೂರುವುದು ಎಂದು ನೀವು ತಿಳಿದಿದ್ದರೆ, ನೀವು ಯಾವತ್ತೂ ಮನಸ್ಸಿಟ್ಟು ನೋಡಿಲ್ಲ. ಗಿಡ್ಡಪ್ಪ ಹಾರಿದರೆ ನಾನೂ ಬೆಂಚಿನಿಂದ ನಾಲ್ಕು ಬೆರಳು ಮೇಲೆ ಏಳುತ್ತಿದ್ದೆ. ಅವನು ಬಾಗಿದರೆ ನನ್ನ ಕುತ್ತಿಗೆ ಹಿಡಿದುಕೊಳ್ಳುತ್ತಿತ್ತು. ಈ ರೋಗ ನಮ್ಮ ವಂಶದ್ದೇ ಇರಬೇಕು. ನಮ್ಮ ಅಜ್ಜ ಕಟ್ಟೆಯ ಮೇಲೆ ಚೌಕಾಬಾರ ಆಡುವವರ ಪಕ್ಕದಲ್ಲಿ ವರ್ಷಗಟ್ಟಲೆ ಕೂತ, ಒಂದು ದಿನವೂ ಕವಡೆ ಮುಟ್ಟಲಿಲ್ಲ. ಆದರೂ ಜಗಳ ಬಂದರೆ ತೀರ್ಪು ಅವನದೇ. ಗೆದ್ದವನೂ ಅವನಿಗೆ ಚಹಾ ಕುಡಿಸುತ್ತಿದ್ದ, ಸೋತವನೂ ಕುಡಿಸುತ್ತಿದ್ದ. ಆಡುವವರಿಗಿಂತ ನಮ್ಮ ಅಜ್ಜನಿಗೇ ಪಿತ್ತ ಹೆಚ್ಚಾಗಿದ್ದು ಹೀಗೆ.

ಖಾಜಾ ಭಾಯಿಯ ಅಂಗಡಿಯಲ್ಲಿ ಆಟದ ರಾಜ ಎಂದರೆ ಶ್ರೀನು. ಜವಳಗೇರಾ ಕಡೆ ಆಂಧ್ರದ ರೈತರು ಬಂದು ನೆಲೆಸಿದ ಕ್ಯಾಂಪಿನ ಹುಡುಗ, ಮನೆಯಲ್ಲಿ ತೆಲುಗು, ಹೊರಗೆ ಎರಡೂ ಕಲಸಿದ್ದು. ಅವನ ಬೆರಳು ಬಹಳ ಚುರುಕು, ನೆನಪು ಮಾತ್ರ ಸೊನ್ನೆ. ನನ್ನದು ಅದರ ಉಲ್ಟಾ. ಹೀಗಾಗಿ ನಮ್ಮಿಬ್ಬರಿಗೆ ಕೂಡಿಬಂತು.

"ರೇಯ್ ಭಕ್ತ, ಇಪ್ಪುಡು ಏನು ಬರ್ತದ?"

"ಗಾಲಿ ಬರ್ತೈತಿ. ತಡಿ, ತಡಿ... ಈಗ ಹಾರು!"

ಅವನು ಹಾರುತ್ತಿದ್ದ, ಗೆಲ್ಲುತ್ತಿದ್ದ. ಬೆಂಚೆಲ್ಲ ಅವನ ಬೆನ್ನು ತಟ್ಟುತ್ತಿತ್ತು. ಇದರಲ್ಲಿ ನಾನು ಗೆದ್ದದ್ದೆಷ್ಟು, ಅವನು ಗೆದ್ದದ್ದೆಷ್ಟು ಎಂದು ನನಗೆ ಭಾರೀ ಗೊಂದಲ. ಒಮ್ಮೆ ಖಾಜಾ ಭಾಯಿಯನ್ನೇ ಕೇಳಿದೆ. ಅವನು ಲೆಕ್ಕದ ಮೇಷ್ಟರಂತೆ ಯೋಚನೆ ಮಾಡಿ ಹೇಳಿದ: "ಗಾಡಿ ಹೊಡಿಯಾಂವ ಅವನು, ದಾರಿ ಹೇಳಾಂವ ನೀನು. ಆದ್ರ ಮಿಯಾ, ಗಾಡಿ ನಂದು." ಗೊಂದಲ ಇನ್ನಷ್ಟು ಗಟ್ಟಿಯಾಯಿತು.

ಇನ್ನೊಂದು ಸಂಗತಿ. ಬೆಂಚಿನ ಮೇಲೆ ಕೂತವನಿಗೆ ಪುರುಸೊತ್ತು ಬಹಳ. ಗಿಡ್ಡಪ್ಪನ ತಲೆಯ ಮೇಲೆ ಮೋಡಗಳು ಹೋಗುತ್ತಿದ್ದವು. ಅದರಲ್ಲಿ ಒಂದು ಥೇಟ್ ನಮ್ಮ ಅವ್ವ ಮಾಳಿಗೆಯ ಮೇಲೆ ಒಣಹಾಕುವ ಸಂಡಿಗೆಯ ಹಾಗೆ ಇತ್ತು, ಒಂದು ಕಡೆ ಕಾಗೆ ಕಚ್ಚಿದಂತೆ ತುಸು ಮುರಿದಿತ್ತು. ಎರಡನೆಯ ತಗ್ಗಿನ ಹಿಂದೆ, ದೂರದಲ್ಲಿ, ನೀಲಿ ಕಿಟಕಿಯ ಸಣ್ಣ ಮನೆ. ಗಿಡ್ಡಪ್ಪ ಒಂದು ದಿನವೂ ಆ ಮನೆಗೆ ಹೋಗಲಿಲ್ಲ, ಆ ಮನೆಯಿಂದಲೂ ಯಾರೂ ಹೊರಗೆ ಬರಲಿಲ್ಲ. ಅಲ್ಲಿ ಯಾರಿದ್ದಾರೆ ಎಂಬ ಚಿಂತೆಯಲ್ಲಿ ಎಷ್ಟೋ ಸಲ ಗಾಲಿ ಬರುವುದನ್ನು ಹೇಳಲು ಮರೆತು ಶ್ರೀನುವಿನ ಕೈಲಿ ಬೈಸಿಕೊಂಡಿದ್ದೇನೆ.

ರಜೆ ಮುಗಿಸಿ ಮಸ್ಕಿಗೆ ಬಂದೆ. ಗಿರಿಜಕ್ಕ ಒಲೆಯ ಮುಂದೆ ರೊಟ್ಟಿ ಬಡಿಯುತ್ತಿದ್ದಳು. ನನಗಿಂತ ಆರು ವರ್ಷ ದೊಡ್ಡವಳು, ಹತ್ತನೆಯ ಇಯತ್ತೆ ಮುಗಿಸಿ ಮನೆಯಲ್ಲಿದ್ದಳು.

"ಏನ್ಲೇ ತಮ್ಮಾ, ಅದೇನೋ ಟೀವಿ ಆಟ ಆಡಿದೆಂತ?"

ನಾನು ನಿಜ ಹೇಳಬೇಕೆಂದೇ ಬಾಯಿ ತೆರೆದೆ. ಹೊರಗೆ ಬಂದದ್ದು, "ಆಡಿದೆ, ಗೆದ್ದೆ."

ಅಲ್ಲಿಗೆ ನನ್ನ ಕತೆ ಮುಗಿಯಿತು. ಶ್ರೀನು ಮಾಡಿದ್ದನ್ನೆಲ್ಲ ನಾನೇ ಮಾಡಿದ್ದಾಗಿ ಹೇಳಬೇಕಾಯಿತು. ಪ್ರತಿ ಸಲ ಸಿಂಧನೂರಿಗೆ ಹೋಗುವುದು, ನೋಡುವುದು, ಬರುವುದು, ಒಲೆಯ ಪಕ್ಕ ಕೂತು ನನ್ನ ಪ್ರತಾಪ ಒದರುವುದು. ಅವಳು ಸುಮ್ಮನೆ ಕೇಳುವವಳೇ? ಪೊಲೀಸರಂತೆ ಕೇಳುತ್ತಿದ್ದಳು.

"ತಗ್ಗು ಎಷ್ಟು ಅಗಲ ಐತಿ?"

"ಭಾಳ ಐತಿ."

"ಭಾಳ ಅಂದ್ರ? ಹಾರಾಕ ಎಷ್ಟೊತ್ತು ಒತ್ತಿ ಹಿಡೀಬೇಕು?"

ಒತ್ತಿದವನಿಗಲ್ಲವೇ ಗೊತ್ತಿರುವುದು! ನಾನು ಅವಳ ಕೈ ನೋಡಿದೆ. ಕಣ್ಣು ಮುಚ್ಚಿ ಗಿಡ್ಡಪ್ಪನ ಹಾರಾಟ ನೆನಪು ಮಾಡಿಕೊಂಡೆ. "ನೀ ರೊಟ್ಟಿ ಎರಡು ಸಲ ಬಡಿಯೋಷ್ಟೊತ್ತು" ಅಂದೆ.

ಅಂದಿನಿಂದ ಅದೇ ನಮ್ಮ ಅಳತೆ. ಸಣ್ಣ ತಗ್ಗಿಗೆ ಎರಡು ಬಡಿತ, ದೊಡ್ಡದಕ್ಕೆ ಮೂರು. ಗಾಲಿ ಕಂಡರೆ ಐದು ಬಡಿತ ನಿಂತು ಆಮೇಲೆ ಹಾರುವುದು. ಹದ್ದು ಬಂದರೆ ನಾಲ್ಕು ಬಡಿತ ಹಿಂದಕ್ಕೆ ಓಡಿ ತಿರುಗುವುದು. ಅವಳು "ಹಿಂಗ?" ಎಂದು ಬಡಿದು ತೋರಿಸುತ್ತಿದ್ದಳು, ನಾನು "ಅಷ್ಟು ಜೋರಲ್ಲ" ಎಂದು ತಿದ್ದುತ್ತಿದ್ದೆ. ನಡುವೆ ಸಂಡಿಗೆಯಂಥ ಮೋಡದ ಸುದ್ದಿ, ನೀಲಿ ಕಿಟಕಿಯ ಮನೆಯ ಸುದ್ದಿ. ಹಂಚಿನ ಮೇಲಿನ ರೊಟ್ಟಿ ಕರಿ ಬಣ್ಣಕ್ಕೆ ತಿರುಗಿದಾಗ ಅವ್ವ ಹೊರಗಿನಿಂದಲೇ ಕೂಗುತ್ತಿದ್ದಳು: "ನಿಮ್ಮ ಗಿಡ್ಡಪ್ಪಗ ಬೆಂಕಿ ಹಚ್ರಲೇ, ರೊಟ್ಟಿಗೆ ಯಾಕ ಹಚ್ಚಾಕತ್ತೀರಿ!"

ಒಂದು ದಿನ ಅಕ್ಕ ಕೇಳಿದಳು. "ನನ್ನೂ ಒಮ್ಮಿ ಕರ್ಕೊಂಡು ಹೋಗ್ತೀಯೇನೋ?"

"ಅಲ್ಲಿಗೆ ಹೆಣ್ಮಕ್ಕಳು ಬರಂಗಿಲ್ಲಕ್ಕಾ."

"ಯಾಕ?"

"ಪರದೆ ಹಾಕ್ಯಾರ."

ಪರದೆ ಹಾಕಿದ್ದು ಬಿಸಿಲಿಗೆ. ಅದು ನನಗೂ ಗೊತ್ತಿತ್ತು, ಅವಳಿಗೂ ಗೊತ್ತಾಗಿರಬೇಕು. ಮತ್ತೆ ಕೇಳಲಿಲ್ಲ.

ಕೇಳುವ ಬದಲು ಅವಳು ಹೇಳುತ್ತಾ ಹೋದಳು, ಅದೂ ಬೋರಿಂಗಿನ ಹತ್ತಿರ ಕೊಡ ಹಿಡಿದು ನಿಂತು. "ನಮ್ಮ ತಮ್ಮ ಚೆನ್ನ ಸಿಂಧನೂರಾಗ ಒಂದ್ನೇ ನಂಬರು" ಎಂದು ಓಣಿಗೆಲ್ಲ ಸಾರಿದಳು. ಎದುರು ಮನೆಯ ಶಿವಮ್ಮಾಯಿ ಇದನ್ನು ನಂಬಲಿಲ್ಲ. "ಬಕೀಟ ಎತ್ತಿದ್ರ ಬೀಳ್ತಾನ, ಇವನೇನು ಗೆಲ್ತಾನ?" ಅಂದಳಂತೆ. ಅಕ್ಕ ಕೊಡ ಕೆಳಗಿಟ್ಟು ಅರ್ಧ ಗಂಟೆ ಜಗಳ ಮಾಡಿ ಬಂದಳು. ನನ್ನ ಮರ್ಯಾದೆಯ ಮಾತು ಬಿಡಿ, ಅದು ಖಾಜಾ ಭಾಯಿಯ ಅಂಗಡಿಯಲ್ಲೇ ಹೋಗಿತ್ತು. ಆದರೆ ನಿಜ ಬಯಲಾದರೆ ಈಗ ಬೋರಿಂಗಿನ ಹತ್ತಿರ ತಲೆ ತಗ್ಗಿಸಿ ನಿಲ್ಲಬೇಕಾದವಳು ಅಕ್ಕ.

ಒಂದು ಭಾನುವಾರ ಬೆಳಿಗ್ಗೆ ಮನೆಯ ಮುಂದೆ ಜೀಪು ನಿಂತಿತು. ಸೋದರಮಾವ ಇಳಿದ. ಕೈಯಲ್ಲಿ ಗೇಮಿನ ಪೆಟ್ಟಿಗೆ.

"ಅಳಿಯಾ, ಖಾಜಾ ಅಂಗಡಿಗೆ ಸುಣ್ಣ ಹೊಡಸಾಕತ್ತಾನ. ಒಂದಿನ ಕೊಡಪ್ಪಾ ಅಂತ ಇಸ್ಕೊಂಡು ಬಂದೀನಿ. ಗಿರಿಜಾ ಭಾಳ ಹೇಳ್ಯಾಳ, ಓಣಿಗೆ ತೋರ್ಸು ನಿನ್ನ ಕೈಚಳಕ. ನಾ ಲಿಂಗಸುಗೂರಿಗೆ ಹೋಗಿ ಸಂಜಿಗೆ ಬರ್ತೀನಿ."

ಪೆಟ್ಟಿಗೆಯನ್ನು ನಮ್ಮ ಪಡಸಾಲೆಯ ಟೀವಿಗೆ ಜೋಡಿಸಿ ಅವನು ಲಿಂಗಸುಗೂರಿಗೆ ಹೊರಟದ್ದು ಗಿರಿಜಕ್ಕನಿಗೆ ಒಂದು ಗಂಡು ನೋಡಲು. ಅವಳ ಮದುವೆಯ ಜೊತೆಗೆ ನನ್ನ ತಿಥಿಯನ್ನೂ ಗೊತ್ತು ಮಾಡಿ ಹೋದ.

ಮಧ್ಯಾಹ್ನದ ಹೊತ್ತಿಗೆ ನಮ್ಮ ಪಡಸಾಲೆಯಲ್ಲಿ ಕಾಲಿಡಲು ಜಾಗವಿಲ್ಲ. ಅಪ್ಪ ಅಂಗಡಿ ಮುಚ್ಚಿ ಬಂದ. ಶಿವಮ್ಮಾಯಿ ಎಲ್ಲರಿಗಿಂತ ಮುಂದೆ, ಎಲೆ ಅಡಿಕೆ ಚೀಲದ ಸಮೇತ. ನಾನು ಕರೆಂಟು ಹೋಗಲೆಂದು ಬೇಡಿಕೊಂಡೆ. ಮಸ್ಕಿಯ ಕರೆಂಟಿನ ಮೇಲೆ ನನಗೆ ಅಷ್ಟು ನಂಬಿಕೆ. ಹರಕೆಯಿಲ್ಲದೆ ದಿನಾ ಹೋಗುತ್ತಿದ್ದ ಕರೆಂಟು ಅವತ್ತು ಹರಕೆ ಹೊತ್ತರೂ ಹೋಗಲಿಲ್ಲ.

ಆಗ ನನಗೆ ಹೊಳೆಯಿತು. ಅಂದು ತಿಳಿಯದೆ ಮಾಡಿದ್ದನ್ನು ಇಂದು ತಿಳಿದೇ ಮಾಡಿದರೆ? ಹಿಡಿಕೆಯನ್ನು ಕಣ್ಣಿಗೆ ಒತ್ತಿಕೊಂಡೆ. ಕಣ್ಣು ಮುಚ್ಚಿದೆ. ಹನ್ನೊಂದು ಸಾಲದು, ಇಪ್ಪತ್ತೊಂದು ಎಣಿಸಿದೆ.

"ಹುಡುಗ ನಿದ್ದಿ ಹೋದ ಕಾಣ್ತೈತಿ" ಎಂದು ಶಿವಮ್ಮಾಯಿಯ ಧ್ವನಿ.

"ಸುಮ್ನಿರಬೇ ಶಿವಮ್ಮ, ನಮ್ಮ ಮನ್ಯಾಗ ಪದ್ಧತಿ ಹಂಗೈತಿ" ಎಂದು ಅಪ್ಪನ ಧ್ವನಿ. ಮಗನ ಭಕ್ತಿಯ ಮೇಲೆ ಅವನಿಗೆ ಭಾರೀ ಹೆಮ್ಮೆ.

ಟುಂಯ್ ಟುಂಯ್ ಎಂದು ಸಂಗೀತ ಕೇಳಿಸಿತು. ಕಣ್ಣು ಬಿಟ್ಟರೆ ಗಿಡ್ಡಪ್ಪ ಹೊರಟೇಬಿಟ್ಟಿದ್ದ! ನಾನು ಕುಣಿಕುಣಿದು ಒತ್ತಿದೆ. ತಗ್ಗು ಹಾರಿದಾಗ ಓಣಿ "ಹೋ" ಅಂದಿತು. ಅವ್ವ ನನಗೆ ದೃಷ್ಟಿ ತೆಗೆದಳು. ಹದ್ದು ಬಂತು, ಗಿಡ್ಡಪ್ಪನನ್ನು ಹೊತ್ತುಕೊಂಡು ಹೋಯಿತು. ಮತ್ತೆ ಕಣ್ಣು ಮುಚ್ಚಿದೆ, ಮತ್ತೆ ಅದೇ. ಮೂರನೆಯ ಸಲವೂ ಅದೇ.

ಶಿವಮ್ಮಾಯಿ ಎಲೆ ಮಡಿಚುವುದನ್ನು ನಿಲ್ಲಿಸಿದಳು. "ಅಲ್ಲವ್ವಾ ಗಿರಿಜಾ, ಮೂರು ಸಲಾನೂ ಅದ ಜಾಗಾ, ಅದ ಹದ್ದು. ಒಂದ್ನೇ ನಂಬರು ಇವನೋ, ಆ ಹದ್ದೋ?"

ಪಡಸಾಲೆ ಗೊಳ್ಳೆಂದಿತು. ನಾನು ಅಕ್ಕನ ಕಡೆ ನೋಡಿದೆ. ಅವಳು ಟೀವಿ ನೋಡುತ್ತಿರಲಿಲ್ಲ, ನನ್ನ ಕೈ ನೋಡುತ್ತಿದ್ದಳು. ಬೆವರು ಒರೆಸಿಕೊಳ್ಳಲೆಂದು ನಾನು ಹಿಡಿಕೆಯನ್ನು ತೊಡೆಯ ಮೇಲಿಟ್ಟಿದ್ದೆ. ನಾಲ್ಕನೆಯ ಸಲ ಶುರುವಾಗಿದ್ದ ಆಟದಲ್ಲಿ ಗಿಡ್ಡಪ್ಪ ಯಾರ ಹಂಗೂ ಇಲ್ಲದೆ ಎರಡನೆಯ ತಗ್ಗು ಹಾರಿದ.

ಮುಗಿಯಿತು ಅಂದುಕೊಂಡೆ. ಅಕ್ಕ ಎದ್ದು ಬಂದು ನನ್ನ ಪಕ್ಕದಲ್ಲಿ ಕೂತಳು. ಹಿಟ್ಟಿನ ಕೈ ಸೆರಗಿಗೆ ಒರೆಸಿಕೊಂಡಳು.

"ಕೈ ನೊಂದಾವ ಇವನವು" ಎಂದು ಎಲ್ಲರಿಗೂ ಕೇಳುವಂತೆ ಹೇಳಿ ಹಿಡಿಕೆ ಎತ್ತಿಕೊಂಡಳು. ಆಮೇಲೆ ಬಗ್ಗಿ ಸಣ್ಣ ಧ್ವನಿಯಲ್ಲಿ, "ಶುರು ಮಾಡೋದು ಯಾವುದಲೇ?"

ನಡುವಿನ ಬಟನ್ ತೋರಿಸಿದೆ. ಖಾಜಾ ಭಾಯಿಯ ಪುಣ್ಯದಿಂದ ಅದೊಂದು ನನಗೆ ಗೊತ್ತಿತ್ತು.

ಮೊದಲ ತಗ್ಗಿಗೇ ಬಿದ್ದಳು. ಎರಡನೆಯ ಸಲವೂ ಬಿದ್ದಳು. ಶಿವಮ್ಮಾಯಿ "ತಮ್ಮನ ಆಟ ಮುಗೀತು, ಇನ್ನ ಅಕ್ಕಂದು" ಎಂದು ನಕ್ಕಳು. ಅಷ್ಟರಲ್ಲಿ ನನಗೆ ಅರಿವಿಲ್ಲದೆ ನಾನು ಅಕ್ಕನ ಹಿಂದೆ ಸರಿದು ಕೂತಿದ್ದೆ, ಥೇಟ್ ಬೆಂಚಿನ ಮೇಲೆ ಕೂತ ಹಾಗೆ. ಬಾಯಿ ತಾನಾಗಿ ತೆರೆಯಿತು.

"ಎರಡು ಬಡಿತ, ಅಕ್ಕಾ!"

ಅವಳ ಭುಜ ಅಲುಗಿತು. ಒಲೆಯ ಮುಂದೆ ಅಲುಗುವ ಹಾಗೆಯೇ. ಗಿಡ್ಡಪ್ಪ ಹಾರಿ ಆಚೆ ದಡಕ್ಕೆ ಬಿದ್ದ.

"ಈಗ ಮೂರು! ಗಾಲಿ ಬಂತು, ಐದು ನಿಲ್ಲು... ಹಾರು! ಹದ್ದು, ಹಿಂದಕ್ಕ ನಾಕು, ತಿರುಗು, ತಿರುಗಬೇ!"

ಹದ್ದು ಬರಿ ಬಾಯಲ್ಲಿ ಹೋಯಿತು. ಪಡಸಾಲೆ ಎದ್ದು ನಿಂತಿತು. ಶಿವಮ್ಮಾಯಿ ಎಲೆ ಚೀಲ ಎಲ್ಲೋ ಬಿಟ್ಟು ಟೀವಿಗೆ ಮೂಗು ತಾಗಿಸಿ, "ಹಾರಬೇ ಗಿರಿಜಾ, ಹಾರಬೇ, ಬಾಗಲಾ ಬಂತು!" ಎಂದು ಕೂಗುತ್ತಿದ್ದಳು. ಗಿಡ್ಡಪ್ಪ ಬಾಗಿಲೊಳಗೆ ಹೋದ.

ಅಪ್ಪ ತಲೆ ಕೆರೆದುಕೊಂಡ. "ಈಗ ಆಡಿದವರು ಯಾರು? ಹೇಳಿದಾಂವ ಇವ, ಒತ್ತಿದಾಕಿ ಅಕಿ."

"ಯಾರರ ಆಗ್ಲಿ ಬಿಡ್ರಿ" ಅಂದಳು ಅವ್ವ, "ರೊಟ್ಟಿ ಮಾಡೋರು ಯಾರು, ಅದನ್ನ ಹೇಳ್ರಿ."

ಅಕ್ಕ ಹಿಡಿಕೆ ಕೆಳಗಿಟ್ಟು ಶಿವಮ್ಮಾಯಿಯ ಕಡೆ ತಿರುಗಿದಳು. "ನೋಡಿದಿಲ್ಲಬೇ ಆಯಿ? ಕಲಿಸಿದಾಂವ ನನ್ನ ತಮ್ಮ." ಶಿವಮ್ಮಾಯಿ ಎಲೆ ಚೀಲ ಹುಡುಕತೊಡಗಿದಳು.

ಸಂಜೆ ಮಾವ ಬಂದು ಪೆಟ್ಟಿಗೆ ತೆಗೆದುಕೊಂಡು ಹೋದ, ಲಿಂಗಸುಗೂರಿನವರು ಹೆಣ್ಣು ನೋಡಲು ಬರುತ್ತಾರೆಂದು ಹೇಳಿ ಹೋದ. ಅಕ್ಕ ಅವತ್ತು ನನ್ನನ್ನು ಏನೂ ಕೇಳಲಿಲ್ಲ. ಮರುದಿನವೂ ಇಲ್ಲ. ಬೈದಿದ್ದರೆ ಸುಖವಾಗಿ ಅತ್ತುಬಿಡುತ್ತಿದ್ದೆ. ಅವಳು ರೊಟ್ಟಿ ಬಡಿದಾಗಲೆಲ್ಲ ನನ್ನ ಬೆನ್ನಿಗೇ ಬಿದ್ದಂತೆ ಕೇಳಿಸುತ್ತಿತ್ತು. ಗೊತ್ತಾಗಿದೆಯೋ ಇಲ್ಲವೋ, ಗೊತ್ತಾಗಿದ್ದರೆ ಯಾಕೆ ಕಾಪಾಡಿದಳು, ಈ ಗೊಂದಲದಲ್ಲೇ ಅವಳ ಮದುವೆಯ ಊಟವೂ ಮುಗಿದುಹೋಯಿತು. ಹೋಳಿಗೆ ಮಾತ್ರ ಆರು ತಿಂದೆ, ಗೊಂದಲಕ್ಕೂ ಹಸಿವಿಗೂ ಸಂಬಂಧವಿಲ್ಲ.

ಆರು ತಿಂಗಳಾದ ಮೇಲೆ ಅವಳನ್ನು ಕರೆತರಲು ಲಿಂಗಸುಗೂರಿಗೆ ಹೋದೆ. ಮನೆಯೊಳಗೆ ಹೋಗುವಾಗಲೇ ಕಿವಿ ನೆಟ್ಟಗಾಯಿತು. ಟುಂಯ್ ಟುಂಯ್! ಎದುರಿನ ಸಾಲಿನಲ್ಲಿ ಹೊಸ ಗೇಮಿನ ಅಂಗಡಿ, ಬಾಗಿಲಿಗೆ ಪರದೆ. ನಾನು ನಿರ್ಧಾರ ಮಾಡಿದೆ. ಈ ಊರಿನಲ್ಲಿ ನಾನು ಭಕ್ತನೆಂದು ಯಾರಿಗೂ ಗೊತ್ತಿಲ್ಲ. ಇವತ್ತು ಕಣ್ಣು ತೆರೆದು, ನಡುವಿನ ಬಟನ್ ಒತ್ತಿ, ಸ್ವಂತ ಕೈಯಿಂದ ಆಡಿಯೇ ಸೈ.

ಅಡುಗೆಮನೆಯಲ್ಲಿ ಅಕ್ಕ ರೊಟ್ಟಿ ಬಡಿಯುತ್ತಿದ್ದಳು. ಬಾಗಿಲಲ್ಲಿ ಚಪ್ಪಲಿ ಮೆಟ್ಟುವ ಸಪ್ಪಳ ಕೇಳಿ ಕರೆದಳು.

"ಎಲ್ಲಿಗಿ ಹೊಂಟಿ? ಬಾ ಇಲ್ಲಿ. ಖರೇ ಹೇಳು. ಸಿಂಧನೂರಾಗ ನೀ ಒಂದಿನಾನೂ ಆಡಿಲ್ಲ, ಹೌದಿಲ್ಲೋ?"

ಚಪ್ಪಲಿ ಒಂದು ಕಾಲಲ್ಲಿ, ಒಂದು ಕೈಯಲ್ಲಿ. "ಇಲ್ಲಕ್ಕಾ. ಬೆಂಚಿನ ಮ್ಯಾಲ ಕುಂತು ನೋಡ್ತಿದ್ದೆ" ಅಂದೆ. "ಅವತ್ತ ನಾ ಹಿಡಿಕಿ ಕೈ ಬಿಟ್ಟಾಗ ಗೊತ್ತಾತಲ್ಲ ನಿನಗ?"

"ಆವಾಗ ಅನುಮಾನ ಬಂತು. ಪೂರಾ ಗೊತ್ತಾಗಿದ್ದು ನಾ ಆಡಾಕ ಕುಂತಾಗ." ಹಿಟ್ಟು ತಟ್ಟುತ್ತಾ ಹೇಳಿದಳು. "ನೀ ಸಂಡಿಗಿಯಂಥ ಮೋಡ ಅಂತಿದ್ದಿ, ನೀಲಿ ಕಿಟಕಿ ಮನಿ ಅಂತಿದ್ದಿ. ಅಷ್ಟು ಚಂದ ಆಡಿದೆನಲ್ಲ, ನನಗ ಒಂದು ಮೋಡಾನೂ ಕಾಣಲಿಲ್ಲ ತಮ್ಮಾ. ಬರೇ ತಗ್ಗು ಕಂಡ್ವು. ಆಡಾಂವ ಯಾವಾಗ ಮೋಡ ನೋಡ್ತಾನ?"

ನನಗೆ ನಾಚಿಕೆ ಆಯಿತು. "ಹಂಗಾರ ಇವತ್ತ ಹೋಗಿ ಖರೇನ ಆಡಿ ಬರ್ತೀನಿ ತಡಿ."

ಟುಂಯ್ ಟುಂಯ್ ಸದ್ದು ಕಿಟಕಿಯಿಂದ ಒಳಗೆ ಬರುತ್ತಿತ್ತು. ಅಕ್ಕ ರೊಟ್ಟಿಯನ್ನು ಹಂಚಿಗೆ ಹಾಕಿ, ಹಿಟ್ಟಿನ ಕೈಯಿಂದಲೇ ನನ್ನ ಬೆನ್ನಿಗೆ ಒಂದು ಕೊಟ್ಟಳು.

"ಆಡಗೀಡಬ್ಯಾಡ. ಆರು ತಿಂಗಳಾತು, ಬರೇ ಸಪ್ಪಳ ಕೇಳಾಕತ್ತೀನಿ. ನೀನೂ ಆಡಾಕ ಕುಂತ್ರ ನನಗ ಹೇಳೋರು ಯಾರು? ಹೋಗಿ ಬೆಂಚಿನ ಮ್ಯಾಲ ಕುಂದ್ರು. ಚೊಲೋತ್ನ್ಯಾಗ ನೋಡ್ಕೊಂಡು ಬಾ."